ಮೂರು ಫೇಸ್ ಮೋಟರ್ ಉಲ್ಟಾ ತಿರುಗುತ್ತಿದೆಯೇ? ತಂತಿ ಬದಲಿಸುವ ಮುನ್ನ ನೋಡಬೇಕಾದದ್ದು

ಮೂರು ಫೇಸ್ ಇಂಡಕ್ಷನ್ ಮೋಟರಿನ ದಿಕ್ಕು ಬದಲಿಸಬೇಕೆಂದರೆ ಅದಕ್ಕೆ ಬರುವ ಮೂರು ತಂತಿಗಳಲ್ಲಿ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಆಯಿತು. ಇದು ಎಲ್ಲರಿಗೂ ಗೊತ್ತು, ಕೆಲಸಕ್ಕೆ ಹತ್ತು ನಿಮಿಷವೂ ಹಿಡಿಯುವುದಿಲ್ಲ. ತೊಂದರೆ ಬರುವುದು ಯಾವ ಜಾಗದಲ್ಲಿ ಬದಲಿಸಬೇಕು ಎಂಬುದರಲ್ಲಿ. ಮೋಟರಿನ ಟರ್ಮಿನಲ್ ಬಾಕ್ಸಿನಲ್ಲೋ, ಸ್ಟಾರ್ಟರಿನ ಔಟ್‌ಪುಟ್‌ನಲ್ಲೋ, ಇನ್‌ಕಮಿಂಗ್‌ನಲ್ಲೋ? ಜಾಗ ತಪ್ಪಿದರೆ ಆ ಮೋಟರ್ ಸರಿಯಾಗಿ, ಪಕ್ಕದ ನಾಲ್ಕು ಮೋಟರ್ ಉಲ್ಟಾ ಆಗುತ್ತವೆ. ಸ್ಟಾರ್-ಡೆಲ್ಟಾದಲ್ಲಿ (ಮೋಟರನ್ನು ಮೊದಲು ಸ್ಟಾರ್ ಜೋಡಣೆಯಲ್ಲಿ ಶುರುಮಾಡಿ ನಂತರ ಡೆಲ್ಟಾಕ್ಕೆ ತಿರುಗಿಸುವ ಸ್ಟಾರ್ಟರ್) ತಪ್ಪಿದರೆ ವೈಂಡಿಂಗ್, ಅಂದರೆ ಮೋಟರಿನೊಳಗಿನ ತಂತಿ ಸುರುಳಿ, ಸುಡುವವರೆಗೂ ಹೋಗಬಹುದು.

ದಿಕ್ಕು ಎಲ್ಲಿಂದ ಬರುತ್ತದೆ

ಸ್ಟೇಟರಿನ (ಮೋಟರಿನ ತಿರುಗದ ಹೊರಭಾಗ) ಮೂರು ವೈಂಡಿಂಗ್‌ಗಳಲ್ಲಿ ಮೂರು ಫೇಸ್ ಒಂದರ ಹಿಂದೆ ಒಂದರಂತೆ ಉಚ್ಚ ಮಟ್ಟ ಮುಟ್ಟುವುದರಿಂದ ಕಾಂತಕ್ಷೇತ್ರ ಸುತ್ತುತ್ತದೆ, ರೋಟರ್ (ಒಳಗೆ ತಿರುಗುವ ಭಾಗ) ಅದರ ಹಿಂದೆ ಓಡುತ್ತದೆ. ಫೇಸ್‌ಗಳ ಸರದಿ ತಿರುಗಿದರೆ ಕ್ಷೇತ್ರವೂ ತಿರುಗುತ್ತದೆ. ಮೂರು ತಂತಿಯನ್ನು ಮೂರು ಟರ್ಮಿನಲ್‌ಗೆ ಜೋಡಿಸಲು ಇರುವುದು ಆರೇ ವಿಧ. ಫೇಸ್‌ಗಳನ್ನು ಆರ್ (ಕೆಂಪು), ವೈ (ಹಳದಿ), ಬಿ (ನೀಲಿ) ಎಂದು ಕರೆದರೆ ಆರ್-ವೈ-ಬಿ, ವೈ-ಬಿ-ಆರ್, ಬಿ-ಆರ್-ವೈ ಈ ಮೂರೂ ಒಂದೇ ದಿಕ್ಕು. ಉಳಿದ ಮೂರು ಅದರ ವಿರುದ್ಧ ದಿಕ್ಕು.

ಇದರಿಂದ ಎರಡು ಮಾತು ಹೊರಡುತ್ತವೆ. ಮೂರೂ ತಂತಿಯನ್ನು ಒಂದೊಂದು ಮನೆ ಪಕ್ಕಕ್ಕೆ ಸರಿಸಿದರೆ ದಿಕ್ಕು ಬದಲಾಗುವುದಿಲ್ಲ. "ಮೂರನ್ನೂ ಬಿಚ್ಚಿ ಬದಲಿಸಿದೆ, ಆದರೂ ಉಲ್ಟಾನೇ ಓಡುತ್ತಿದೆ" ಎನ್ನುವ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ. ಹಾಗೆಯೇ ಒಬ್ಬರು ಸ್ಟಾರ್ಟರಿನಲ್ಲಿ, ಇನ್ನೊಬ್ಬರು ಟರ್ಮಿನಲ್ ಬಾಕ್ಸಿನಲ್ಲಿ ಬದಲಿಸಿದರೆ ಎರಡೂ ಸೇರಿ ಮೊದಲಿನ ಸ್ಥಿತಿಗೇ ಬಂದು ನಿಲ್ಲುತ್ತದೆ.

ಐಇಸಿ 60034-8 (ಮೋಟರಿನ ಟರ್ಮಿನಲ್ ಗುರುತು ಮತ್ತು ದಿಕ್ಕಿನ ಅಂತರರಾಷ್ಟ್ರೀಯ ಮಾನದಂಡ) ಪ್ರಕಾರ ಮೂರು ವೈಂಡಿಂಗ್‌ಗಳ ಆರಂಭದ ತುದಿಗಳಾದ ಯು1, ವಿ1, ಡಬ್ಲ್ಯೂ1 ಟರ್ಮಿನಲ್‌ಗಳಿಗೆ ಫೇಸ್‌ಗಳನ್ನು ಸರದಿಯಂತೆ ಕೊಟ್ಟರೆ ಮೋಟರ್ ಗಡಿಯಾರದ ಮುಳ್ಳಿನ ದಿಕ್ಕಿನಲ್ಲಿ ತಿರುಗಬೇಕು. ಆದರೆ ನೋಡಬೇಕಾದದ್ದು ಶಾಫ್ಟ್ ಹೊರಬಂದಿರುವ ಕಡೆಯಿಂದ. ಫ್ಯಾನ್ ಕಡೆ ನಿಂತು ನೋಡಿದವರಿಗೆ ಅದೇ ಮೋಟರ್ ಉಲ್ಟಾ ಕಾಣುತ್ತದೆ, ಜಗಳ ಶುರುವಾಗುವುದೇ ಅಲ್ಲಿ. ರಿವೈಂಡಿಂಗ್ ಆದ ಮೋಟರಿನಲ್ಲಿ ಹೊರಗೆ ತಂದ ತುದಿಗಳ ಗುರುತು ಹಳೆಯ ಕ್ರಮದಲ್ಲೇ ಇರುತ್ತದೆ ಎಂದು ನಂಬಬೇಡಿ.

ನಿಜಕ್ಕೂ ಉಲ್ಟಾವೇ?

ಬಾಣದ ಗುರುತು ಹುಡುಕಿ. ಮುಖ್ಯವಾದದ್ದು ಪಂಪು, ಬ್ಲೋವರ್ ಅಥವಾ ಗೇರ್‌ಬಾಕ್ಸ್ ಮೇಲಿನ ಬಾಣ. ಮೋಟರಿನ ಮೇಲೆ ಯಾರೋ ಪೇಂಟಿನಲ್ಲಿ ಬರೆದದ್ದಲ್ಲ. ನಡುವೆ ಬೆಲ್ಟ್ ಇದ್ದರೆ ಎರಡೂ ಪುಲ್ಲಿ ಒಂದೇ ದಿಕ್ಕು, ಒಂದು ಜೊತೆ ಹೊರಹಲ್ಲಿನ ಗೇರ್ ಇದ್ದರೆ ವಿರುದ್ಧ ದಿಕ್ಕು.

ನಂತರ (ಕ್ಷಣಕಾಲವೂ ಉಲ್ಟಾ ಓಡಿಸಬಾರದೆಂದು ಮುಂದೆ ಹೇಳಿರುವ ಯಂತ್ರಗಳನ್ನು ಬಿಟ್ಟು) ಸ್ಟಾರ್ಟ್ ಒತ್ತಿ ತಕ್ಷಣ ಸ್ಟಾಪ್ ಒತ್ತಿ. ಶಾಫ್ಟಿಗೆ ಒಂದು ಸುತ್ತು ಸಿಕ್ಕರೂ ಸಾಕು. ಶಾಫ್ಟ್ ಅಥವಾ ಕಪ್ಲಿಂಗ್ ಮೇಲೆ ಮೊದಲೇ ಚಾಕ್‌ನಿಂದ ಗೆರೆ ಎಳೆದುಕೊಂಡಿರಿ, ವೇಗ ಇಳಿದು ನಿಲ್ಲುವ ಹೊತ್ತಿನಲ್ಲಿ ನೋಡಿ. ಪೂರ್ಣ ವೇಗದಲ್ಲಿ ಓಡುವಾಗ ಟ್ಯೂಬ್‌ಲೈಟ್ ಅಥವಾ ಎಲ್‌ಇಡಿ ಬೆಳಕಿನ ಮಿನುಗಿನಿಂದ ಫ್ಯಾನ್ ಎಲೆಗಳು ನಿಂತಂತೆ ಇಲ್ಲವೇ ಹಿಂದಕ್ಕೆ ಹೋದಂತೆ ಕಾಣುವುದುಂಟು. ಮೋಟರಿನ ಹಿಂದಿನ ಜಾಲರಿಗೆ ಕಾಗದ ಹಿಡಿದು ದಿಕ್ಕು ಹೇಳುವ ಅಭ್ಯಾಸವೂ ಕೆಲಸಕ್ಕೆ ಬಾರದು. ಸಾಮಾನ್ಯ ಮೋಟರಿನ ತಂಪು ಫ್ಯಾನಿಗೆ ನೇರ ಎಲೆಗಳಿರುವುದರಿಂದ ಯಾವ ಕಡೆ ತಿರುಗಿದರೂ ಗಾಳಿಯನ್ನು ಜಾಲರಿಯಿಂದ ಒಳಗೇ ಎಳೆಯುತ್ತದೆ.

ಸೆಂಟ್ರಿಫ್ಯೂಗಲ್ ಪಂಪಿನಲ್ಲಿ ಮೋಸ ಹೋಗುವವರು ಹೆಚ್ಚು. ಉಲ್ಟಾ ತಿರುಗಿದರೂ ನೀರು ಡೆಲಿವರಿ ಕಡೆಗೇ ಬರುತ್ತದೆ, ಒತ್ತಡ ಮತ್ತು ಪ್ರಮಾಣ ಮಾತ್ರ ಬಹಳ ಕಡಿಮೆ. ನೀರು ಬಂತು ಎಂದು ಬಿಟ್ಟುಬಿಟ್ಟರೆ ತಿಂಗಳುಗಟ್ಟಲೆ ಹಾಗೇ ಓಡುತ್ತದೆ. ಸೆಂಟ್ರಿಫ್ಯೂಗಲ್ ಬ್ಲೋವರ್ ಕಥೆಯೂ ಇದೇ. ಎಕ್ಸಾಸ್ಟ್ ಫ್ಯಾನಿನಂತಹ ಆಕ್ಸಿಯಲ್ ಫ್ಯಾನಿನಲ್ಲಿ ಮಾತ್ರ ಗಾಳಿಯ ದಿಕ್ಕೇ ತಿರುಗುವುದರಿಂದ ಕೂಡಲೇ ಗೊತ್ತಾಗುತ್ತದೆ. ಕಣ್ಣಿಗೆ ಕಾಣದ ಸಬ್‌ಮರ್ಸಿಬಲ್ ಪಂಪಿಗೆ ಒಂದೇ ದಾರಿ: ಡೆಲಿವರಿ ವಾಲ್ವ್ ಬಹುಪಾಲು ಮುಚ್ಚಿ ಸ್ವಲ್ಪ ಹೊತ್ತು ಓಡಿಸಿ ಪ್ರೆಷರ್ ಗೇಜ್ ಓದಿಕೊಳ್ಳಿ, ಎರಡು ತಂತಿ ಬದಲಿಸಿ ವಾಲ್ವನ್ನು ಅದೇ ಜಾಗದಲ್ಲಿಟ್ಟು ಮತ್ತೆ ಓದಿ. ಯಾವುದರಲ್ಲಿ ಒತ್ತಡ ಹೆಚ್ಚೋ ಅದು ಸರಿ ದಿಕ್ಕು. ಕರೆಂಟ್ ನೋಡಿ ತೀರ್ಮಾನಿಸಬೇಡಿ. ಇಂಪೆಲ್ಲರ್ (ಪಂಪಿನೊಳಗೆ ನೀರು ತಳ್ಳುವ ಚಕ್ರ) ನಮೂನೆಯ ಮೇಲೆ ಅದು ಹೆಚ್ಚೂ ಇರಬಹುದು, ಕಡಿಮೆಯೂ ಇರಬಹುದು. ಎರಡು ಪರೀಕ್ಷೆಯ ನಡುವೆ ಪೈಪಿನ ನೀರು ಕೆಳಗಿಳಿದು ಪಂಪು ಹಿಂದಕ್ಕೆ ಸುತ್ತುತ್ತಿದ್ದರೆ ಅದು ನಿಲ್ಲುವವರೆಗೆ ಕಾಯಿರಿ. ಹಿಂದೆ ಸುತ್ತುವ ಪಂಪಿಗೆ ಸಪ್ಲೈ ಕೊಟ್ಟರೆ ಶಾಫ್ಟ್ ತಿರುಚಿಕೊಳ್ಳಬಹುದು.

ಕ್ಷಣಕಾಲವೂ ಉಲ್ಟಾ ಓಡಿಸಬಾರದವು

ಸ್ಕ್ರೂ ಕಂಪ್ರೆಸರ್ ಮತ್ತು ಸ್ಕ್ರೋಲ್ ಕಂಪ್ರೆಸರ್. ಹೋಲ್ಡ್‌ಬ್ಯಾಕ್ ಅಥವಾ ಬ್ಯಾಕ್‌ಸ್ಟಾಪ್ (ಹಿಂದಕ್ಕೆ ಜಾರದಂತೆ ತಡೆಯುವ ಭಾಗ) ಇರುವ ಏರು ಕನ್ವೇಯರ್. ಹಿಂದಕ್ಕೆ ತಿರುಗದಂತೆ ರ್‍ಯಾಚೆಟ್ ಇರುವ ವರ್ಟಿಕಲ್ ಟರ್ಬೈನ್ ಪಂಪು. ಶಾಫ್ಟಿಗೆ ಇಂಪೆಲ್ಲರನ್ನು ಥ್ರೆಡ್ ಮೂಲಕ ಬಿಗಿದಿರುವ ಪಂಪು. ಉಲ್ಟಾ ತಿರುಗಿದರೆ ಇಂಪೆಲ್ಲರ್ ಬಿಚ್ಚಿಕೊಂಡು ಕೇಸಿಂಗ್‌ಗೆ ಬಡಿಯುತ್ತದೆ. ಹೈಡ್ರಾಲಿಕ್ ಪಂಪು ಉಲ್ಟಾ ತಿರುಗಿದರೆ ಎಣ್ಣೆ ಸಿಗದೆ ಒಣಗಿ ಉಜ್ಜಿಕೊಳ್ಳುತ್ತದೆ.

ಇಂಥವುಗಳಲ್ಲಿ ಕಪ್ಲಿಂಗ್ ಬಿಚ್ಚಿ ಮೋಟರ್ ಒಂದನ್ನೇ ತಿರುಗಿಸಿ ನೋಡಬೇಕು. ಬಿಚ್ಚಲಾಗದ ಸ್ಕ್ರೋಲ್ ಕಂಪ್ರೆಸರಿನಂಥ ಯಂತ್ರಕ್ಕೆ ಸಪ್ಲೈ ಕೊಡುವ ಮೊದಲೇ ಫೇಸ್ ಸೀಕ್ವೆನ್ಸ್ ಮೀಟರ್ ಹಿಡಿಯಬೇಕು. ಆ ಮೀಟರ್ ಹೇಳುವುದು ಸರದಿಯನ್ನು ಮಾತ್ರ, ಯಾವ ತಂತಿ ಯಾವ ಫೇಸ್ ಎಂಬುದನ್ನಲ್ಲ. ಸಪ್ಲೈ ಕೊಡದೆಯೇ ಶಾಫ್ಟನ್ನು ಕೈಯಲ್ಲಿ ಬೇಕಾದ ಕಡೆ ತಿರುಗಿಸಿ ತುದಿಗಳ ಕ್ರಮ ತಿಳಿಯುವ ಮೋಟರ್ ರೊಟೇಶನ್ ಟೆಸ್ಟರ್ ಸಿಗುತ್ತದೆ. ದೊಡ್ಡ ಮೋಟರಿನ ಕೆಲಸ ಮಾಡುವವರ ಬಳಿ ಇರಲೇಬೇಕಾದ ಉಪಕರಣ.

ಒಂದೇ ಮೋಟರೋ, ಎಲ್ಲವೂವೋ?

ಈ ಒಂದು ಪ್ರಶ್ನೆಯಲ್ಲೇ ಅರ್ಧ ಕೆಲಸ ಮುಗಿಯುತ್ತದೆ.

ನಿನ್ನೆಯವರೆಗೆ ಸರಿ ಇದ್ದ ಮೋಟರ್‌ಗಳೆಲ್ಲ ಇಂದು ಉಲ್ಟಾ ಎಂದರೆ ಮೋಟರ್‌ಗಳನ್ನು ಮುಟ್ಟಬೇಡಿ. ಟ್ರಾನ್ಸ್‌ಫಾರ್ಮರ್ ಬದಲಾಗಿರುತ್ತದೆ, ಕೇಬಲ್ ಜಾಯಿಂಟ್ ಹೊಸದಾಗಿ ಹಾಕಿರುತ್ತಾರೆ, ಇಲ್ಲವೇ ಮೇನ್ ಸ್ವಿಚ್ಚಿನ ತಂತಿ ಬಿಚ್ಚಿ ಮರುಜೋಡಿಸಿರುತ್ತಾರೆ. ಬದಲಿಸಬೇಕಾದದ್ದು ಆ ಒಂದು ಜಾಗದಲ್ಲಿ. ಒಂದೊಂದೇ ಮೋಟರ್ ಸರಿಮಾಡುತ್ತಾ ಹೋದರೆ ಸಪ್ಲೈ ಕಡೆಯವರು ಬಂದು ಮೂಲ ತಪ್ಪು ತಿದ್ದಿದ ದಿನ ಎಲ್ಲವೂ ಮತ್ತೆ ಉಲ್ಟಾ.

ಗ್ರಿಡ್‌ನಲ್ಲಿ ಸರಿ, ಜನರೇಟರ್‌ನಲ್ಲಿ ಉಲ್ಟಾ ಎಂದಾದರೆ ಜನರೇಟರಿನಿಂದ ಚೇಂಜ್‌ಓವರ್‌ಗೆ (ಗ್ರಿಡ್ ಮತ್ತು ಜನರೇಟರ್ ನಡುವೆ ಬದಲಿಸುವ ಸ್ವಿಚ್) ಬರುವ ಕೇಬಲ್‌ನಲ್ಲಿ ಬದಲಿಸಿ. ಚೇಂಜ್‌ಓವರ್‌ನಿಂದ ಆಚೆ ಮುಟ್ಟಿದರೆ ಗ್ರಿಡ್‌ನಲ್ಲಿ ಓಡುವಾಗಿನ ದಿಕ್ಕು ಕೆಡುತ್ತದೆ.

ಒಂದೇ ಮೋಟರ್ ಉಲ್ಟಾ, ಅದೂ ರಿಪೇರಿ ಮುಗಿಸಿ ಕೂರಿಸಿದ ಮೇಲೆ ಎಂದಾದರೆ ಆ ಮೋಟರಿನ ಬಾಕ್ಸಿನಲ್ಲೋ ಅದರ ಸ್ಟಾರ್ಟರ್ ಔಟ್‌ಪುಟ್‌ನಲ್ಲೋ ಬದಲಿಸಿದರೆ ಸಾಕು (ಸ್ಟಾರ್-ಡೆಲ್ಟಾ ಸ್ಟಾರ್ಟರ್ ಬಿಟ್ಟು, ಅದರ ಮಾತು ಮುಂದೆ ಇದೆ). ಕೇಬಲ್ ಬಣ್ಣ ಮತ್ತು ಫೆರುಲ್ (ತಂತಿಯ ಮೇಲಿನ ಗುರುತಿನ ಕೊಳವೆ) ಕ್ರಮ ಕೆಡಬಾರದೆಂದು ಪ್ಯಾನೆಲ್ ಕಡೆ ಬಿಟ್ಟು ಮೋಟರ್ ಬಾಕ್ಸಿನಲ್ಲಿ ಬದಲಿಸುವುದು ಒಳ್ಳೆಯದು. ಮುಂದಿನವರು ಪ್ಯಾನೆಲ್ ತೆರೆದಾಗ ಕೆಂಪು, ಹಳದಿ, ನೀಲಿ ಸರಿಯಾಗಿ ಕಾಣಬೇಕು.

ಮಧ್ಯೆ ಫೇಸ್ ಸೀಕ್ವೆನ್ಸ್ ರಿಲೇ ಇದ್ದರೆ ಅದೂ ಸಾಕ್ಷಿ ಹೇಳುತ್ತದೆ. ರಿಲೇ ಟ್ರಿಪ್ ಆಗಿ ಸ್ಟಾರ್ಟರ್ ಎಳೆಯದಿದ್ದರೆ ಸಪ್ಲೈ ಸರದಿ ತಿರುಗಿದೆ, ಇಲ್ಲವೇ ಒಂದು ಫೇಸ್ ಬರುತ್ತಿಲ್ಲ. ರಿಲೇ ಸುಮ್ಮನಿದ್ದು ಮೋಟರ್ ಉಲ್ಟಾ ಓಡಿದರೆ ತಪ್ಪು ರಿಲೇಯ ಆಚೆ ಇದೆ. ರಿಲೇಯನ್ನು ಬೈಪಾಸ್ ಮಾಡಿ ಓಡಿಸುವುದು ರೋಗ ಬಿಟ್ಟು ಥರ್ಮಾಮೀಟರ್ ಒಡೆದಂತೆ.

ಒಮ್ಮೆ ಸರಿ, ಒಮ್ಮೆ ಉಲ್ಟಾ

ತಂತಿ ಮುಟ್ಟದೆಯೇ, ಗ್ರಿಡ್-ಜನರೇಟರ್ ಬದಲಾವಣೆಯೂ ಇಲ್ಲದೆ ದಿಕ್ಕು ತಾನಾಗಿ ಬದಲಾಗುತ್ತಿದ್ದರೆ ಅದು ಸರದಿಯ ತೊಂದರೆ ಅಲ್ಲವೇ ಅಲ್ಲ. ಒಂದು ಫೇಸ್ ಬರುತ್ತಿಲ್ಲ. ಎರಡು ತಂತಿಯಿಂದ ಹುಟ್ಟುವ ಕ್ಷೇತ್ರ ಸುತ್ತುವುದಿಲ್ಲ, ಅತ್ತಿತ್ತ ಮಿಡಿಯುತ್ತದೆ ಅಷ್ಟೆ. ನಿಂತ ಮೋಟರ್ ಗುಂಯ್ ಎಂದು ನಿಲ್ಲುತ್ತದೆ. ಕೈಯಿಂದ ಅಥವಾ ಗಾಳಿಯಿಂದ ಯಾವ ಕಡೆ ತಳ್ಳು ಸಿಕ್ಕಿತೋ ಆ ಕಡೆ ಓಡತೊಡಗುತ್ತದೆ. ಇನ್ನೊಂದು ಫ್ಯಾನಿನ ಗಾಳಿಗೆ ಹಿಂದೆ ಸುತ್ತುತ್ತಿದ್ದ ಬ್ಲೋವರ್, ವಾಲ್ವ್ ಸೋರಿ ಹಿಂದಕ್ಕೆ ತಿರುಗುತ್ತಿದ್ದ ಪಂಪು ಇಂಥ ಸ್ಥಿತಿಯಲ್ಲಿ ಉಲ್ಟಾ ದಿಕ್ಕಿನಲ್ಲೇ ವೇಗ ಹಿಡಿಯುತ್ತವೆ. ಇಲ್ಲಿ ತಂತಿ ಬದಲಿಸಿ ಕೂತರೆ ವೈಂಡಿಂಗ್ ಸುಡುವುದಷ್ಟೇ ಆಗುವ ಕೆಲಸ.

ಹುಡುಕುವಾಗ ಒಂದು ಎಚ್ಚರ. ಮೋಟರ್ ಓಡುತ್ತಿರುವಾಗ ಅದರ ಟರ್ಮಿನಲ್‌ನಲ್ಲಿ ವೋಲ್ಟೇಜ್ ಅಳೆದರೆ ಕಳೆದುಹೋದ ಫೇಸ್ ಕೂಡ ಬಹುತೇಕ ಸರಿಯಾಗಿಯೇ ತೋರುತ್ತದೆ, ಏಕೆಂದರೆ ಸುತ್ತುವ ಮೋಟರೇ ಆ ವೈಂಡಿಂಗ್‌ನಲ್ಲಿ ವೋಲ್ಟೇಜ್ ಹುಟ್ಟಿಸುತ್ತಿರುತ್ತದೆ. ಕ್ಲ್ಯಾಂಪ್ ಮೀಟರಿನಲ್ಲಿ ಮೂರೂ ತಂತಿಯ ಕರೆಂಟ್ ನೋಡಿ. ಒಂದರಲ್ಲಿ ಸೊನ್ನೆ ಬಂದರೆ ಅದೇ ಕಳ್ಳ. ನಂತರ ಮೇನ್‌ನಿಂದ ಹಂತಹಂತವಾಗಿ ಬನ್ನಿ: ಫ್ಯೂಸ್, ಸ್ವಿಚ್ಚಿನ ಬ್ಲೇಡ್, ಕಾಂಟ್ಯಾಕ್ಟರ್ (ಕಾಯಿಲ್ ಎಳೆದಾಗ ಮುಚ್ಚುವ ಸ್ವಿಚ್), ಓವರ್‌ಲೋಡ್ ರಿಲೇ, ಲಗ್ (ತಂತಿ ತುದಿಗೆ ಒತ್ತಿದ ಲೋಹದ ಕಿವಿ). ಕಾಂಟ್ಯಾಕ್ಟರ್ ಎಳೆದು ಮೋಟರಿಗೆ ಲೋಡ್ ಹೋಗುತ್ತಿರುವಾಗ ಒಂದೇ ಪೋಲಿನ ಮೇಲಿನ ಮತ್ತು ಕೆಳಗಿನ ಟರ್ಮಿನಲ್ ನಡುವೆ ವೋಲ್ಟೇಜ್ ಸೊನ್ನೆಯ ಹತ್ತಿರ ಇರಬೇಕು. ಅಲ್ಲಿ ವೋಲ್ಟೇಜ್ ಕಂಡರೆ ಆ ಪಾಯಿಂಟ್ ಸುಟ್ಟಿದೆ.

ಮೂರೂ ಫೇಸ್ ಸರಿ ಇದ್ದು, ರಿವೈಂಡಿಂಗ್ ಆದ ಮೋಟರ್ ಮಾತ್ರ ಗುಡುಗುತ್ತಾ ವೇಗ ಹಿಡಿಯದೆ, ಕರೆಂಟ್ ಮೂರರಲ್ಲೂ ಬೇರೆ ಬೇರೆ ಬಂದರೆ ಒಂದು ವೈಂಡಿಂಗಿನ ಆದಿ-ಅಂತ್ಯ ತಿರುವುಮುರುವಾಗಿದೆ. ಹೊರಗೆ ಯಾವ ಎರಡು ತಂತಿ ಬದಲಿಸಿದರೂ ಇದು ಸರಿಹೋಗುವುದಿಲ್ಲ.

ಬದಲಿಸುವ ಕೆಲಸ

ಐಸೊಲೇಟರ್ ಆಫ್ ಮಾಡಿ, ಬೀಗ ಹಾಕಿ, ಬೋರ್ಡ್ ತೂಗುಹಾಕಿ. ಸ್ಟಾಪ್ ಬಟನ್ ಒತ್ತಿದ್ದು ಐಸೊಲೇಶನ್ ಆಗುವುದಿಲ್ಲ. ವೋಲ್ಟೇಜ್ ಇರುವ ಕಡೆ ಮೀಟರ್ ಹಿಡಿದು ಅದು ಕೆಲಸ ಮಾಡುತ್ತದೆ ಎಂದು ನೋಡಿ, ಟರ್ಮಿನಲ್‌ನಲ್ಲಿ ಮೂರು ಫೇಸ್‌ಗಳ ನಡುವೆಯೂ ಪ್ರತಿ ಫೇಸ್ ಮತ್ತು ಅರ್ತ್ ನಡುವೆಯೂ ಅಳೆಯಿರಿ, ಮತ್ತೆ ಮೊದಲಿನ ಜಾಗದಲ್ಲಿ ಮೀಟರ್ ಪರೀಕ್ಷಿಸಿ. ಮೋಟರಿಗೆ ಪವರ್ ಫ್ಯಾಕ್ಟರ್ ಕೆಪಾಸಿಟರ್ ಜೋಡಿಸಿದ್ದರೆ ಅದು ಡಿಸ್‌ಚಾರ್ಜ್ ಆಗಿದೆಯೇ ನೋಡಿ.

ಬಿಚ್ಚುವ ಮೊದಲು ಫೋಟೋ ತೆಗೆಯಿರಿ. ಬರುವ ಮೂರು ಕೇಬಲ್‌ಗಳಲ್ಲಿ ಎರಡನ್ನು ಮಾತ್ರ ಬದಲಿಸಿ. ಹಿತ್ತಾಳೆ ಪಟ್ಟಿಗಳನ್ನು ಮುಟ್ಟಬೇಡಿ. ಸ್ಟಾರ್ ಜೋಡಣೆಯಲ್ಲಿ ವೈಂಡಿಂಗ್‌ಗಳ ಕೊನೆಯ ತುದಿಗಳಾದ ಡಬ್ಲ್ಯೂ2, ಯು2, ವಿ2 ಮೂರಕ್ಕೂ ಅಡ್ಡ ಪಟ್ಟಿ, ಡೆಲ್ಟಾದಲ್ಲಿ ಯು1-ಡಬ್ಲ್ಯೂ2, ವಿ1-ಯು2, ಡಬ್ಲ್ಯೂ1-ವಿ2 ನಡುವೆ ಮೂರು ಉದ್ದ ಪಟ್ಟಿ ಇರುತ್ತವೆ. ದಿಕ್ಕು ಬದಲಿಸಲು ಪಟ್ಟಿ ಕಿತ್ತರೆ ಡೆಲ್ಟಾ ಮೋಟರ್ ಸ್ಟಾರ್ ಆಗಿಯೋ, ಸ್ಟಾರ್ ಮೋಟರ್ ಡೆಲ್ಟಾ ಆಗಿಯೋ ಮುಗಿಯುವ ಅಪಾಯವಿದೆ. ಲಗ್ ಪಟ್ಟಿಗೆ ನೇರ ತಾಗಿರಬೇಕು, ವಾಷರ್ ಲಗ್ಗಿನ ಮೇಲೆ ಬರಬೇಕು. ಲಗ್ ಮತ್ತು ಪಟ್ಟಿಯ ನಡುವೆ ಸ್ಟೀಲ್ ವಾಷರ್ ಸಿಕ್ಕಿಕೊಂಡರೆ ಅಲ್ಲೇ ಬಿಸಿಯಾಗಿ ಕೆಲವು ವಾರಗಳಲ್ಲಿ ಒಂದು ಫೇಸ್ ಹೋಗುತ್ತದೆ.

ಸ್ಲಿಪ್‌ರಿಂಗ್ ಮೋಟರಿನಲ್ಲಿ (ರೋಟರಿಗೂ ಹೊರಗಿನಿಂದ ತಂತಿ ಹೋಗುವಂಥದ್ದು) ಸ್ಟೇಟರ್ ಕಡೆ ಬದಲಿಸಬೇಕು. ರೋಟರ್ ತಂತಿ ಬದಲಿಸಿದರೆ ಏನೂ ಆಗದು. ಎರಡು ವೇಗದ ಮೋಟರಿನಲ್ಲಿ ಎರಡೂ ವೇಗವನ್ನು ಬೇರೆ ಬೇರೆಯಾಗಿ, ಪೂರ್ತಿ ನಿಂತ ಮೇಲೆ ಪರೀಕ್ಷಿಸಿ.

ಸ್ಟಾರ್-ಡೆಲ್ಟಾ ಸ್ಟಾರ್ಟರ್: ಹೆಚ್ಚು ತಪ್ಪುವ ಜಾಗ

ಇಲ್ಲಿ ಮೋಟರಿಗೆ ಆರು ತಂತಿ. ಮೇನ್ ಕಾಂಟ್ಯಾಕ್ಟರ್ ಯು1, ವಿ1, ಡಬ್ಲ್ಯೂ1ಗೆ ಆರ್, ವೈ, ಬಿ ಕೊಡುತ್ತದೆ. ಡೆಲ್ಟಾ ಕಾಂಟ್ಯಾಕ್ಟರ್ ಡಬ್ಲ್ಯೂ2ಗೆ ಆರ್, ಯು2ಗೆ ವೈ, ವಿ2ಗೆ ಬಿ ಕೊಡುತ್ತದೆ. ದಿಕ್ಕು ಬದಲಿಸಬೇಕೆಂದು ಮೋಟರ್ ಬಾಕ್ಸಿನಲ್ಲಿ ಯು1 ಮತ್ತು ವಿ1 ತಂತಿಗಳನ್ನಷ್ಟೇ ಅದಲುಬದಲು ಮಾಡಿದರೆ ಏನಾಗುತ್ತದೆ ನೋಡಿ.

ಸ್ಟಾರ್‌ನಲ್ಲಿ ಎಲ್ಲವೂ ಚೆನ್ನಾಗಿರುತ್ತದೆ. ಮೋಟರ್ ಬೇಕಾದ ದಿಕ್ಕಿನಲ್ಲಿ ಸಲೀಸಾಗಿ ವೇಗ ಹಿಡಿಯುತ್ತದೆ, ಕೆಲಸ ಮುಗಿಯಿತು ಎಂದು ಬಾಕ್ಸಿನ ಮುಚ್ಚಳ ಹಾಕುವ ಹೊತ್ತಿಗೆ ಟೈಮರ್ ಡೆಲ್ಟಾಕ್ಕೆ ತಿರುಗುತ್ತದೆ. ಆಗ ಯು ವೈಂಡಿಂಗಿನ ಎರಡೂ ತುದಿಗೆ ವೈ ಫೇಸ್. ಅದಕ್ಕೆ ಸಿಗುವ ವೋಲ್ಟೇಜ್ ಸೊನ್ನೆ. ಉಳಿದ ಎರಡು ವೈಂಡಿಂಗ್‌ಗಳೂ ಆರ್-ಬಿ ನಡುವೆಯೇ ಬೀಳುತ್ತವೆ. ಅಂದರೆ ಮೋಟರ್ ಸಿಂಗಲ್ ಫೇಸ್‌ನಲ್ಲಿ ಓಡುತ್ತಿದೆ. ಗುಡುಗು, ಕರೆಂಟ್ ಜಿಗಿತ, ಓವರ್‌ಲೋಡ್ ಟ್ರಿಪ್. ಇನ್‌ಕಮಿಂಗ್‌ನಲ್ಲಿ ಕ್ಲ್ಯಾಂಪ್ ಹಾಕಿದರೆ ವೈ ಫೇಸ್‌ನಲ್ಲಿ ಸೊನ್ನೆ ಬರುತ್ತದೆ, ನೋಡಿದವರು ವೈ ಫ್ಯೂಸ್ ಹೋಗಿದೆ ಎಂದುಕೊಳ್ಳುತ್ತಾರೆ. ಫ್ಯೂಸ್ ಸರಿಯಾಗಿದೆ. ಇನ್ನು ಕೆಲವರು ಟೈಮರ್ ಹೆಚ್ಚಿಸಿ, ಓವರ್‌ಲೋಡ್ ಸೆಟ್ಟಿಂಗ್ ಏರಿಸಿ ನೋಡುತ್ತಾರೆ; ಮೋಟರ್ ಉಳಿಯುವುದಿಲ್ಲ.

ಸರಿಯಾದ ಜಾಗ ಸ್ಟಾರ್ಟರಿನ ಇನ್‌ಕಮಿಂಗ್, ಮೇನ್ ಮತ್ತು ಡೆಲ್ಟಾ ಕಾಂಟ್ಯಾಕ್ಟರ್‌ಗಳಿಗೆ ತಂತಿ ಕವಲೊಡೆಯುವ ಮೊದಲು. ಅಲ್ಲಿ ಎರಡು ಬದಲಿಸಿದರೆ ಆರೂ ತಂತಿ ಒಟ್ಟಿಗೆ ಬದಲಾದಂತೆ. ಸೀಕ್ವೆನ್ಸ್ ರಿಲೇ ಅದೇ ಜಾಗದಿಂದ ಸಪ್ಲೈ ತೆಗೆದುಕೊಳ್ಳುತ್ತಿದ್ದರೆ ರಿಲೇಗೆ ತಂತಿ ಹೋದ ನಂತರ, ಕವಲಿಗೆ ಮುಂಚೆ ಬದಲಿಸಿ. ಮೋಟರ್ ಬಾಕ್ಸಿನಲ್ಲೇ ಮಾಡಬೇಕಾದ ಅನಿವಾರ್ಯ ಇದ್ದರೆ ಜೋಡಿಯಾಗಿ ಮಾಡಿ: ಯು1ರ ಜೊತೆ ವಿ1, ಯು2ರ ಜೊತೆ ವಿ2.

ಅನುಮಾನವಿದ್ದರೆ ಸಪ್ಲೈ ಇಲ್ಲದೆ ಪರೀಕ್ಷಿಸಬಹುದು. ಐಸೊಲೇಟ್ ಮಾಡಿ, ಕಂಟ್ರೋಲ್ ಫ್ಯೂಸ್ ತೆಗೆದು, ಬಾಕ್ಸಿನಲ್ಲಿ ಆರೂ ತಂತಿಗಳನ್ನು ಟರ್ಮಿನಲ್‌ನಿಂದ ಬಿಡಿಸಿ. ಮೇನ್ ಮತ್ತು ಡೆಲ್ಟಾ ಕಾಂಟ್ಯಾಕ್ಟರ್‌ಗಳನ್ನು ಕೈಯಿಂದ ಒತ್ತಿಹಿಡಿಯಲು ಒಬ್ಬರು ಬೇಕು. ಯು1ಕ್ಕೆ ಹೋಗುವ ತಂತಿಗೆ ಡಬ್ಲ್ಯೂ2, ವಿ1ಕ್ಕೆ ಯು2, ಡಬ್ಲ್ಯೂ1ಕ್ಕೆ ವಿ2 ಕಂಟಿನ್ಯೂಟಿ ತೋರಬೇಕು. ಯು1-ವಿ2, ವಿ1-ಡಬ್ಲ್ಯೂ2, ಡಬ್ಲ್ಯೂ1-ಯು2 ಬಂದರೂ ಡೆಲ್ಟಾ ಸರಿಯಾಗಿಯೇ ಆಗುತ್ತದೆ. ಯಾವ ಕಾರಣಕ್ಕೂ ಯು1-ಯು2, ವಿ1-ವಿ2 ಎಂಬಂತೆ ಒಂದೇ ಅಕ್ಷರದ ಜೋಡಿಗೆ ಮೀಟರ್ ಕೂಗಬಾರದು.

ಡ್ರೈವ್ ಇದ್ದರೆ

ವಿಎಫ್‌ಡಿಯ (ಮೋಟರಿನ ವೇಗ ಬದಲಿಸುವ ಡ್ರೈವ್) ಇನ್‌ಪುಟ್‌ನಲ್ಲಿ ಫೇಸ್ ಬದಲಿಸಿದರೆ ದಿಕ್ಕು ಬದಲಾಗುವುದಿಲ್ಲ. ಒಳಗೆ ಅದು ಡಿಸಿ ಆಗಿ, ಮತ್ತೆ ಹೊಸದಾಗಿ ಮೂರು ಫೇಸ್ ಆಗಿ ಹೊರಬರುತ್ತದೆ. ಬದಲಿಸಬೇಕಾದದ್ದು ಔಟ್‌ಪುಟ್‌ನಲ್ಲಿ ಅಥವಾ ಪ್ಯಾರಾಮೀಟರಿನಲ್ಲಿ. ತಂತಿ ಮುಟ್ಟುವುದಾದರೆ ಸಪ್ಲೈ ಆಫ್ ಮಾಡಿ ಡ್ರೈವ್ ಮೇಲೆ ಬರೆದಷ್ಟು ನಿಮಿಷ ಕಾದು, ಡಿಸಿ ಟರ್ಮಿನಲ್‌ಗಳ ನಡುವೆ ಅಳೆದ ನಂತರವೇ. ಡಿಸ್‌ಪ್ಲೇ ಆರಿದ ಮಾತ್ರಕ್ಕೆ ಕೆಪಾಸಿಟರ್ ಖಾಲಿಯಾಗಿರುವುದಿಲ್ಲ.

ಪ್ಯಾರಾಮೀಟರಿಗಿಂತ ತಂತಿ ಬದಲಿಸುವುದೇ ಮೇಲು. ಪ್ಯಾರಾಮೀಟರ್ ಫ್ಯಾಕ್ಟರಿ ರೀಸೆಟ್ ಆದ ದಿನ ಅಥವಾ ಡ್ರೈವ್ ಬದಲಾದ ದಿನ ಮೋಟರ್ ಸದ್ದಿಲ್ಲದೆ ಉಲ್ಟಾ ಓಡುತ್ತದೆ. ಎನ್‌ಕೋಡರ್ (ಶಾಫ್ಟ್ ತಿರುಗುವುದನ್ನು ಎಣಿಸಿ ಡ್ರೈವಿಗೆ ಹೇಳುವ ಸಾಧನ) ಇರುವ ಮೋಟರಿನಲ್ಲಿ ಮಾತ್ರ ತಂತಿ ಬದಲಿಸಿದರೆ ಎನ್‌ಕೋಡರಿನ ಎಣಿಕೆಯ ದಿಕ್ಕನ್ನೂ ಬದಲಿಸಬೇಕು, ಇಲ್ಲದಿದ್ದರೆ ಮೋಟರ್ ನಿಧಾನಗತಿಯಲ್ಲಿ ಭಾರೀ ಕರೆಂಟ್ ಎಳೆದು ಫಾಲ್ಟ್ ಕೊಡುತ್ತದೆ.

ಬೈಪಾಸ್ (ಡ್ರೈವ್ ಬಿಟ್ಟು ಮೋಟರಿಗೆ ನೇರ ಸಪ್ಲೈ ಕೊಡುವ ದಾರಿ) ಇದ್ದರೆ ಕ್ರಮ ಮುಖ್ಯ. ಮೊದಲು ಬೈಪಾಸ್‌ನಲ್ಲಿ ಓಡಿಸಿ ಮೋಟರ್ ಬಾಕ್ಸಿನಲ್ಲಿ ದಿಕ್ಕು ಸರಿಮಾಡಿ. ಆಮೇಲೆ ಡ್ರೈವಿನಲ್ಲಿ ಓಡಿಸಿ, ಉಲ್ಟಾ ಬಂದರೆ ಡ್ರೈವ್ ಮತ್ತು ಬೈಪಾಸ್ ಸೇರುವ ಜಾಗಕ್ಕಿಂತ ಮೊದಲು ಡ್ರೈವ್ ಔಟ್‌ಪುಟ್‌ನಲ್ಲಿ ಬದಲಿಸಿ.

ಫಾರ್ವರ್ಡ್-ರಿವರ್ಸ್ ಸ್ಟಾರ್ಟರ್

ಎರಡು ಬಟನ್ ಒತ್ತಿದರೂ ಒಂದೇ ದಿಕ್ಕು ಎಂದಾದರೆ ರಿವರ್ಸ್ ಕಾಂಟ್ಯಾಕ್ಟರಿನ ಮೇಲೆ ಒಮ್ಮೆ, ಕೆಳಗೆ ಒಮ್ಮೆ ಬದಲಿಸಿರುತ್ತಾರೆ, ಇಲ್ಲವೇ ಮೂರೂ ತಂತಿ ಸರಿದಿರುತ್ತವೆ. ಒಂದು ಕಡೆ, ಎರಡೇ ತಂತಿ, ಅಷ್ಟೇ. ಎರಡೂ ಕಾಂಟ್ಯಾಕ್ಟರ್ ಒಟ್ಟಿಗೆ ಎಳೆದರೆ ಎರಡು ಫೇಸ್ ನಡುವೆ ನೇರ ಶಾರ್ಟ್ ಆಗುವುದರಿಂದ ಒಂದರ ಎನ್‌ಸಿ ಪಾಯಿಂಟ್ (ಕಾಂಟ್ಯಾಕ್ಟರ್ ಎಳೆಯದಿದ್ದಾಗ ಮುಚ್ಚಿರುವುದು) ಇನ್ನೊಂದರ ಕಾಯಿಲ್‌ಗೆ ಸರಣಿಯಲ್ಲಿರಬೇಕು. ಪಾಯಿಂಟ್ ಬೆಸೆದುಕೊಂಡ ಹೊತ್ತಿಗೂ ಕಾಯುವುದು ಮೆಕ್ಯಾನಿಕಲ್ ಇಂಟರ್‌ಲಾಕ್, ಎರಡೂ ಬೇಕು.

ಓಡುವ ಮೋಟರನ್ನು ನಿಲ್ಲಿಸದೆ ರಿವರ್ಸ್‌ಗೆ ತಳ್ಳಿದರೆ ಕರೆಂಟ್ ಸ್ಟಾರ್ಟಿಂಗ್ ಕರೆಂಟ್‌ಗಿಂತಲೂ ಹೆಚ್ಚುತ್ತದೆ. ಲೋಡ್ ಇಲ್ಲದೆಯೂ ಪೂರ್ಣ ವೇಗದಿಂದ ವಿರುದ್ಧ ಪೂರ್ಣ ವೇಗಕ್ಕೆ ಹೋಗುವಾಗ ರೋಟರಿನಲ್ಲಿ ಹುಟ್ಟುವ ಬಿಸಿ, ಒಂದು ಸಾಧಾರಣ ಸ್ಟಾರ್ಟಿನಲ್ಲಿ ಹುಟ್ಟುವುದರ ಸುಮಾರು ನಾಲ್ಕರಷ್ಟು. ಹೀಗೆ ಪದೇ ಪದೇ ಮಾಡಬೇಕಾದ ಯಂತ್ರಕ್ಕೆ ಎಸಿ-4 ದರ್ಜೆಗೆ (ಓಡುವಾಗಲೇ ತಿರುಗಿಸುವಂಥ ಭಾರೀ ಕೆಲಸ) ಲೆಕ್ಕ ಹಾಕಿದ ಕಾಂಟ್ಯಾಕ್ಟರ್ ಬೇಕು. ಎಸಿ-3 (ಸಾಧಾರಣ ಸ್ಟಾರ್ಟ್-ಸ್ಟಾಪ್) ಲೆಕ್ಕದಲ್ಲಿ ಆರಿಸಿದ್ದು ಬೇಗ ತಿಂದುಹೋಗುತ್ತದೆ. ಬೇರೆಡೆ ಟೈಮರ್ ಹಾಕಿ ಮೋಟರ್ ನಿಲ್ಲುವಷ್ಟು ಬಿಡುವು ಕೊಡಿ.

ಹಾಯ್ಸ್ಟ್ ಮತ್ತು ಕ್ರೇನ್‌ನಲ್ಲಿ "ಮೇಲೆ" ಒತ್ತಿದರೆ ಕೊಕ್ಕೆ ಕೆಳಗಿಳಿಯುತ್ತಿದ್ದರೆ ಬಟನ್ ತಂತಿ ಬದಲಿಸುವ ಉಪಾಯ ಎಂದಿಗೂ ಬೇಡ. ಮೇಲಿನ ಲಿಮಿಟ್ ಸ್ವಿಚ್ ಕಡಿಯುವುದು "ಮೇಲೆ" ಕಾಂಟ್ಯಾಕ್ಟರನ್ನು. ಫೇಸ್ ಉಲ್ಟಾ ಇದ್ದು ಬಟನ್ ಮಾತ್ರ ತಿರುಗಿಸಿದರೆ ಕೊಕ್ಕೆಯನ್ನು ಎತ್ತುತ್ತಿರುವುದು "ಕೆಳಗೆ" ಕಾಂಟ್ಯಾಕ್ಟರ್. ಲಿಮಿಟ್ ತಾಗಿದರೂ ನಿಲ್ಲದೆ ಕೊಕ್ಕೆ ಡ್ರಮ್ಮಿಗೆ ಬಡಿದು ಹಗ್ಗ ಕಡಿಯುತ್ತದೆ. ಸಪ್ಲೈ ಕಡೆ ಎರಡು ಫೇಸ್ ಬದಲಿಸಿ, ನಂತರ ಖಾಲಿ ಕೊಕ್ಕೆಯಲ್ಲಿ ಲಿಮಿಟ್ ಸ್ವಿಚ್ಚನ್ನು ಕೈಯಿಂದ ಒತ್ತಿ ನಿಲ್ಲುತ್ತದೆಯೇ ನೋಡಿ.

ಬದಲಿಸಿದ ಮೇಲೆ ಕರೆಂಟ್

ಲೋಡ್ ಹಾಕಿ ಮೂರೂ ಫೇಸ್ ಕರೆಂಟ್ ಬರೆದುಕೊಳ್ಳಿ. ಉದಾಹರಣೆಗೆ 10, 10, 13 ಆಂಪಿಯರ್ ಬಂದರೆ ಸರಾಸರಿ 11. ಅದರಿಂದ ಹೆಚ್ಚು ದೂರವಿರುವ 13ಕ್ಕೂ 11ಕ್ಕೂ ಅಂತರ 2. ಅಸಮತೋಲ 18 ಶೇಕಡಾ. ಬಿಟ್ಟುಬಿಡುವಂಥ ಅಂಕಿಯಲ್ಲ. ತಪ್ಪು ಮೋಟರಿನದೋ ಸಪ್ಲೈನದೋ ತಿಳಿಯಲು, ದಿಕ್ಕು ಬದಲಿಸದ ಆ ಹಳೆಯ "ತಪ್ಪೇ" ಇಲ್ಲಿ ಉಪಯೋಗಕ್ಕೆ ಬರುತ್ತದೆ: ಮೂರೂ ತಂತಿಯನ್ನು ಒಂದೊಂದು ಮನೆ ಸರಿಸಿ ಮತ್ತೆ ಅಳೆಯಿರಿ. 13 ಆಂಪಿಯರ್ ಅದೇ ಸಪ್ಲೈ ಫೇಸ್‌ನಲ್ಲೇ ಉಳಿದರೆ ಸಪ್ಲೈ ಕಡೆ ಸಡಿಲ ಜಾಯಿಂಟ್ ಅಥವಾ ವೋಲ್ಟೇಜ್ ಏರುಪೇರು ಹುಡುಕಿ. ವೋಲ್ಟೇಜ್‌ನಲ್ಲಿ 1 ಶೇಕಡಾ ಅಸಮತೋಲವಿದ್ದರೂ ಕರೆಂಟ್‌ನಲ್ಲಿ ಅದು ಆರರಿಂದ ಹತ್ತು ಪಟ್ಟು ಕಾಣಿಸಬಹುದು. 13 ಆಂಪಿಯರ್ ಮೋಟರಿನ ಅದೇ ಟರ್ಮಿನಲ್ ಜೊತೆ ಹೊಸ ಫೇಸ್‌ಗೆ ಹೋದರೆ ವೈಂಡಿಂಗಿನಲ್ಲಿ ದೋಷವಿದೆ. ಸ್ಟಾರ್-ಡೆಲ್ಟಾದಲ್ಲಿ ಈ ಸರಿಸುವ ಕೆಲಸವನ್ನೂ ಇನ್‌ಕಮಿಂಗ್‌ನಲ್ಲೇ ಮಾಡಿ.